ಗುಳಿಗೆ ಬಿಟ್ಟು ಕೆಟ್ಟೆ: ಕೊಲೈಟಿಸ್ ಜೊತೆ ನನ್ನ ಒಂಬತ್ತು ವರ್ಷ

ಮೊದಲ ಸಲ ರಕ್ತ ಕಂಡಾಗ ಮೂಲವ್ಯಾಧಿ ಅಂದುಕೊಂಡೆ. ಅವ್ವನೂ "ಉಷ್ಣ ಆಗೇತಿ, ಮಜ್ಜಿಗಿ ಕುಡಿ" ಅಂದಳು. ಮುಲಾಮು ಹಚ್ಚಿಕೊಳ್ಳುತ್ತ ಆರು ತಿಂಗಳು ಕಳೆದೆ. ಆದರೆ ರಾತ್ರಿ ಎರಡು ಸಲ ನಿದ್ದೆಯಿಂದ ಎದ್ದು ಓಡುತ್ತಿದ್ದೆ, ರಕ್ತದ ಜೊತೆ ಲೋಳೆ ಬೀಳುತ್ತಿತ್ತು, ತೂಕ ಏಳು ಕಿಲೋ ಇಳಿದಿತ್ತು. ಈ ಮೂರೂ ಒಟ್ಟಿಗಿದ್ದರೆ ಮುಲಾಮು ಹಚ್ಚುತ್ತ ಕೂರಬೇಡಿ. ಹುಬ್ಬಳ್ಳಿಯಲ್ಲಿ ಕೊಲೊನೊಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳು ನೋಡುವುದು), ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷಿಸುವುದು) ಆದಮೇಲೆ ಗೊತ್ತಾಯಿತು, ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ರೋಗ.

ಕರುಳಿನ ಉರಿಯೂತ ಇಳಿಸುವ ಮೆಸಲಮೈನ್ ಗುಳಿಗೆಯ ಜೊತೆ ರಾತ್ರಿ ಎನಿಮಾ, ಅಂದರೆ ಗುದದ್ವಾರದಿಂದ ಒಳಗೆ ಬಿಡುವ ದ್ರವ ಔಷಧಿ ಕೊಟ್ಟರು. ಇದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಾಸಿಗೆ ಮೇಲೆ ಹಳೇ ದುಪ್ಪಟಿ ಹಾಸಿ, ಬಾಟಲಿ ಚೆನ್ನಾಗಿ ಕುಲುಕಿ, ಅಂಗೈಯಲ್ಲಿ ಹಿಡಿದು ತಣ್ಣಗಿನದನ್ನು ಬಿಡಿಸಿ, ಎಡಮಗ್ಗುಲಾಗಿ ಮಲಗಿ ಬಲಮೊಣಕಾಲು ಎದೆಯತ್ತ ಮಡಚಿ ನಿಧಾನವಾಗಿ ಒತ್ತಬೇಕು. ಮೊದಲ ವಾರ ಹತ್ತು ನಿಮಿಷವೂ ಒಳಗೆ ನಿಲ್ಲಲಿಲ್ಲ, ಅತ್ತುಬಿಟ್ಟೆ. ಎರಡನೇ ವಾರ ಬೆಳಗಿನವರೆಗೆ ನಿಂತಿತು.

ಎಂಟು ತಿಂಗಳಲ್ಲಿ ಪೂರ್ತಿ ಆರಾಮಾಯಿತು. ಆರಾಮಾಗಿದ್ದೇನಲ್ಲ ಅಂತ ಯಾರನ್ನೂ ಕೇಳದೆ ಗುಳಿಗೆ ನಿಲ್ಲಿಸಿದೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಮೂರು ತಿಂಗಳಿಗೆ ಪಾಠ ಮಾಡುತ್ತಿದ್ದವಳು ಡಸ್ಟರ್ ಕೈಯಲ್ಲೇ ಹಿಡಿದು ಹೊರಗೆ ಓಡಿದೆ. ಆಮೇಲೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್, ಊದಿದ ಮುಖ, ನಿದ್ದೆಯಿಲ್ಲದ ರಾತ್ರಿಗಳು. ಸ್ಟೆರಾಯ್ಡನ್ನು ಒಮ್ಮೆಲೇ ಬಿಡುವಂತಿಲ್ಲ, ಡಾಕ್ಟರು ಹೇಳಿದಂತೆ ವಾರವಾರ ಇಳಿಸುತ್ತ ಬಂದೆ. ಮೆಸಲಮೈನ್ ರೋಗ ಮರುಕಳಿಸದಂತೆ ಕಾಯುವ ಔಷಧಿ, ಆರಾಮಿದ್ದಾಗಲೇ ಅದರ ಕೆಲಸ ಇರುವುದು ಅಂತ ಆಗ ತಲೆಗೆ ಹೋಯಿತು.

ಊಟದ ವಿಷಯಕ್ಕೆ ಎಲ್ಲರೂ ಡಾಕ್ಟರೇ. ಹೊಟ್ಟೆ ಕೆರಳಿದಾಗ ನನಗೆ ಒಗ್ಗಿದ್ದು ಮೆತ್ತಗಿನ ಅನ್ನ, ಬೇಳೆಕಟ್ಟು, ಬಾಳೆಹಣ್ಣು, ತಿಳಿಮಜ್ಜಿಗೆ. ಹಾಲು, ಹಸಿ ಸೌತೆ, ಮೆಣಸಿನಕಾಯಿ ಚಟ್ನಿ ಆಗ ಬಿಟ್ಟಿದ್ದೆ. ಇದರಿಂದ ಹೊಟ್ಟೆಗೆ ನೆಮ್ಮದಿ ಸಿಕ್ಕಿತು ನಿಜ, ಆದರೆ ಕರುಳಿನ ಉರಿಯೂತ ಆರಿದ್ದು ಔಷಧಿಯಿಂದಲೇ. ಆರಾಮಾದ ಮೇಲೆ ರೊಟ್ಟಿ, ಪಲ್ಯ ಒಂದೊಂದಾಗಿ ಮರಳಿ ಶುರು ಮಾಡಿದೆ. ಹೆದರಿ ಎಲ್ಲ ಬಿಟ್ಟರೆ ಸೊರಗುತ್ತೇವೆ. ನನ್ನ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಮಂಡಿನೋವಿಗೆ ಐಬುಪ್ರೊಫೆನ್ ಥರದ ಮಾತ್ರೆಗಳನ್ನು ಮುಟ್ಟುವುದಿಲ್ಲ, ಅವು ಕರುಳನ್ನು ಕೆರಳಿಸಬಹುದು.

ಹಾಜರಿ ಪುಸ್ತಕದಂತೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ: ದಿನಕ್ಕೆ ಎಷ್ಟು ಸಲ, ರಕ್ತ ಇತ್ತೇ, ರಾತ್ರಿ ಎದ್ದೆನೇ. ಆರು ತಿಂಗಳಿಗೊಮ್ಮೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸುತ್ತೇನೆ. ಅದು 250 ದಾಟಿದರೆ ಸಾಮಾನ್ಯವಾಗಿ ಉರಿಯೂತ ಎದ್ದಿದೆ ಅಂತ ಅರ್ಥ. ಕಳೆದ ಸಲ ನನ್ನದು 60 ಇತ್ತು. ರೋಗ ಶುರುವಾಗಿ ಎಂಟು ವರ್ಷ ಕಳೆದವರು ಕ್ಯಾನ್ಸರ್ ತಪಾಸಣೆಗೆಂದು ಮತ್ತೆ ಕೊಲೊನೊಸ್ಕೋಪಿ ಮಾಡಿಸಬೇಕು. ನನ್ನದು ಮುಂದಿನ ತಿಂಗಳು ಇದೆ, ರಜೆ ಬರೆದು ಕೊಟ್ಟಿದ್ದೇನೆ.