ಕಪ್ಪುಕುಳಿಗೆ ಬೀಳುವಾಗ ಸಂದೇಶ ಕಳಿಸುವುದು ಹೇಗೆ?

ಮೊದಲು ಕುಳಿಯ ಆಯ್ಕೆ. ಸೂರ್ಯನ 10 ಪಟ್ಟು ತೂಕದ ಕುಳಿ ಬೇಡವೇ ಬೇಡ. ಅದರ ದಿಗಂತದ, ಅಂದರೆ ಬೆಳಕೂ ಹೊರಬರಲಾಗದ ಗಡಿಯ, ತ್ರಿಜ್ಯ ಬರೀ 30 ಕಿ.ಮೀ. ಅಷ್ಟು ಹತ್ತಿರ ಹೋಗುವ ಮೊದಲೇ ಸೆಳೆತದ ವ್ಯತ್ಯಾಸ ನಿಮ್ಮನ್ನೂ ಆಂಟೆನಾವನ್ನೂ ಹರಿದುಹಾಕಿರುತ್ತದೆ. ಆಕಾಶಗಂಗೆಯ ನಡುವಿನ ಸ್ಯಾಜಿಟೇರಿಯಸ್ ಎ-ಸ್ಟಾರ್ ಎಂಬ ಕುಳಿಯೇ ಮೇಲು: ಸುಮಾರು 43 ಲಕ್ಷ ಸೂರ್ಯರ ತೂಕ, 1.27 ಕೋಟಿ ಕಿ.ಮೀ. ತ್ರಿಜ್ಯ. ಅಲ್ಲಿ ದಿಗಂತ ದಾಟುವಾಗ ತಲೆಗೂ ಕಾಲಿಗೂ ಇರುವ ಸೆಳೆತದ ವ್ಯತ್ಯಾಸ ಭೂಮಿಯ ಗುರುತ್ವದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಸುತ್ತಲಿನ ಕಾದ ಅನಿಲದ ಕಾಟ ಬೇರೆಯೇ ಇದೆ, ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಭೂಮಿ 26,000ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರ. ಬೆಂಗಳೂರಿನ ಬಳಿ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಡಿಶ್‌ಗೆ ನೇರವಾಗಿ ಕಳಿಸುವ ಆಸೆ ಬಿಡಿ. ದಿಗಂತದ ತ್ರಿಜ್ಯದ 1,000 ಪಟ್ಟು ದೂರದಲ್ಲಿ, ಸಂದೇಶವನ್ನು ಮುಂದಕ್ಕೆ ದಾಟಿಸುವ ಒಂದು ರಿಲೇ ನೌಕೆ ನಿಲ್ಲಿಸಿ, ಅದರ ಕೆಳಗೇ ನೆಟ್ಟಗೆ ಬೀಳಿ. ಕದಲದೆ ನಿಲ್ಲಲು ಆ ನೌಕೆ ಪ್ರತಿ ಸೆಕೆಂಡೂ ವೇಗವನ್ನು ಸೆಕೆಂಡಿಗೆ 3.5 ಮೀಟರ್‌ನಷ್ಟು ಹೆಚ್ಚಿಸಬಲ್ಲ ಬಲದಲ್ಲಿ ಎಂಜಿನ್ ನಡೆಸುತ್ತಲೇ ಇರಬೇಕು.

ಈಗ ಮುಖ್ಯ ಲೆಕ್ಕ. ಕುಳಿಯ ನಡುವಿನಿಂದ ನಿಮಗಿರುವ ದೂರವನ್ನು ದಿಗಂತದ ತ್ರಿಜ್ಯದಲ್ಲಿ ಅಳೆದು ವರ್ಗಮೂಲ ತೆಗೆಯಿರಿ. 1ನ್ನು ಅದರಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆಯಿರಿ. ನೀವು ಕಳಿಸಿದ ಫ್ರೀಕ್ವೆನ್ಸಿಯಲ್ಲಿ ರಿಲೇಗೆ ಸಿಗುವ ಪಾಲು ಅದು. 8.4 ಗಿಗಾಹರ್ಟ್ಸ್ ಕಳಿಸಿದರೆ:

100 ತ್ರಿಜ್ಯ: 7.56 ಗಿಗಾಹರ್ಟ್ಸ್
4 ತ್ರಿಜ್ಯ: 4.2 ಗಿಗಾಹರ್ಟ್ಸ್, ನಿಮ್ಮ ಗಡಿಯಾರದಲ್ಲಿ ದಿಗಂತಕ್ಕೆ 198 ಸೆಕೆಂಡು ಬಾಕಿ
1.21 ತ್ರಿಜ್ಯ: 764 ಮೆಗಾಹರ್ಟ್ಸ್, 9.4 ಸೆಕೆಂಡು ಬಾಕಿ
1.02 ತ್ರಿಜ್ಯ: 83 ಮೆಗಾಹರ್ಟ್ಸ್, 0.85 ಸೆಕೆಂಡು ಬಾಕಿ

ಬಿಟ್‌ಗಳೂ ಇದೇ ಪ್ರಮಾಣದಲ್ಲಿ ಹಿಗ್ಗುತ್ತವೆ. 4 ತ್ರಿಜ್ಯದಲ್ಲಿ ನೀವು ಸೆಕೆಂಡಿಗೆ 1,000 ಬಿಟ್ ಕಳಿಸಿದರೆ ರಿಲೇಗೆ ಸೇರುವುದು 500. ಆದ್ದರಿಂದ ಹೇಳಬೇಕಾದ್ದನ್ನೆಲ್ಲ 4 ತ್ರಿಜ್ಯ ತಲುಪುವ ಮೊದಲೇ ಹೇಳಿ ಮುಗಿಸಿ. ಆಮೇಲೆ ‘ಇನ್ನೂ ಇದ್ದೇನೆ’ ಎಂದಷ್ಟೇ ಸಾರುವ ಒಂದೇ ಸ್ವರದ ಸಂಕೇತ, ಅಂದರೆ ಬೀಕನ್, ಸಾಕು. ಫ್ರೀಕ್ವೆನ್ಸಿ ಏರಿಸುತ್ತಾ ಹೋಗಿ ಸರಿದೂಗಿಸಬಹುದಲ್ಲ ಎಂದರೆ, 4 ತ್ರಿಜ್ಯದಲ್ಲಿ 16.8 ಗಿಗಾಹರ್ಟ್ಸ್ ಬೇಕು, ಸರಿ, 1.21ರಲ್ಲಿ 92 ಬೇಕು, 1.02ರಲ್ಲಿ 850 ದಾಟುತ್ತದೆ. ಆ ಹಟ ಬೇಡ.

ಬೀಕನ್ ಕೈತಪ್ಪುವುದು ಹೆಚ್ಚಾಗಿ ರಿಸೀವರ್‌ನ ಲಾಕ್, ಅಂದರೆ ಫ್ರೀಕ್ವೆನ್ಸಿಯ ಬೆನ್ನು ಹಿಡಿದ ಹಿಡಿತ, ಬಿಟ್ಟುಹೋಗಿ. ಕೊನೆಗೆ ರಿಲೇ ಗಡಿಯಾರದಲ್ಲಿ ಸುಮಾರು 59 ಸೆಕೆಂಡಿಗೊಮ್ಮೆ ಫ್ರೀಕ್ವೆನ್ಸಿ ಅರ್ಧವಾಗುತ್ತದೆ, ಶಕ್ತಿ ಅದಕ್ಕಿಂತ ಬೇಗ ಕುಸಿಯುತ್ತದೆ. ಈ ಇಳಿತವನ್ನು ರಿಸೀವರ್‌ಗೆ ಮೊದಲೇ ತುಂಬಿಡಿ. ಆಂಟೆನಾದ ಗುರಿಯೂ ತಪ್ಪಬಾರದು: 1.21 ತ್ರಿಜ್ಯದಲ್ಲಿ ನೆಟ್ಟಗೆ ಹೊರದಿಕ್ಕಿನಿಂದ ಸುಮಾರು 15 ಡಿಗ್ರಿ ವಾಲಿದರೆ ಸಾಕು, ಕಿರಣ ಕುಳಿಗೇ ಬೀಳುತ್ತದೆ.

‘ತಲುಪಿತೇ’ ಎಂದು ಕೇಳಿ ಕಾಯಬೇಡಿ. ರಿಲೇಗೆ ಬೆಳಕು ಹೋಗಲು ಹತ್ತಿರ ಹತ್ತಿರ 12 ಗಂಟೆ, ಉತ್ತರಕ್ಕೆ ಮತ್ತಷ್ಟೇ. ತಪ್ಪು ತಿದ್ದುವ ಕೋಡನ್ನು ಸಂದೇಶದೊಳಗೇ ಹೆಣೆದು ಕಳಿಸಿ.

ದಿಗಂತದಾಚೆ ಉಳಿಯುವುದು ಸುಮಾರು 28 ಸೆಕೆಂಡು. ಅಲ್ಲಿಂದ ಏನೂ ಹೊರಬಾರದು, ಆದರೆ ರಿಲೇಯ ಮಾತು ನಿಮಗೆ ಕೇಳುತ್ತಲೇ ಇರುತ್ತದೆ. ಬ್ರಹ್ಮಾಂಡದ ಭವಿಷ್ಯವೆಲ್ಲ ದಿಗಂತ ದಾಟುವ ಕ್ಷಣದಲ್ಲಿ ಕಾಣುತ್ತದೆ ಎನ್ನುವುದು ಶುದ್ಧ ಕಟ್ಟುಕಥೆ: ದಿಗಂತದಲ್ಲಿ ರಿಲೇಯ 8.4 ಗಿಗಾಹರ್ಟ್ಸ್ ನಿಮಗೆ 4.2 ಆಗಿ ಸಿಗುತ್ತದೆ, ಅಷ್ಟೆ. ನಿಮ್ಮ ರಿಸೀವರ್ ಅಷ್ಟು ಕೆಳಗಿಳಿಯುವಂತಿರಲಿ.

ರಿಲೇಯಿಂದ ಭೂಮಿಗೆ ಕಳಿಸುವಾಗ ಒಂದು ಎಚ್ಚರ. ಕುಳಿ ಇರುವ ಧನು ರಾಶಿಯ ಆ ಬಿಂದು ಬೆಂಗಳೂರಿನ ದಕ್ಷಿಣಾಕಾಶದಲ್ಲಿ ದಿನಕ್ಕೆ ಸುಮಾರು 11 ಗಂಟೆ ಮಾತ್ರ ಇರುತ್ತದೆ, ಏರಿದರೂ 48 ಡಿಗ್ರಿ. ಹಾಗಾಗಿ ಇಡೀ ದಾಖಲೆಯನ್ನು 24 ಗಂಟೆಗೂ ಹೆಚ್ಚು ಹೊತ್ತು ಮತ್ತೆ ಮತ್ತೆ ಬಿತ್ತರಿಸಬೇಕು.