ಹೊಸಬರ ಮೊದಲ ನೃತ್ಯ ತರಗತಿ ನೆಲದ ಮೇಲೆ ಶುರುವಾಗಲಿ

ಹೊಸಬರಿಗೆ ಕಂಟೆಂಪರರಿ ನೃತ್ಯ ಕಲಿಸುವ ದಿನ ನಾನು ಮೊದಲು ಕನ್ನಡಿಗೆ ಪರದೆ ಎಳೆಯುತ್ತೇನೆ. ಕನ್ನಡಿ ಕಂಡರೆ ಸಾಕು, ಎಲ್ಲರೂ ತಮ್ಮ ಆಕಾರವನ್ನು ತಿದ್ದಲು ಹೊರಡುತ್ತಾರೆ. ಮೈಯೊಳಗೆ ಏನಾಗುತ್ತಿದೆ ಎಂಬುದು ಮರೆತೇ ಹೋಗುತ್ತದೆ.

ಬರಿಗಾಲಲ್ಲಿ ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ಉಸಿರನ್ನು ಗಮನಿಸಲು ಹೇಳಿ. ಉಸಿರು ಬಿಡುತ್ತ ಹೊಕ್ಕುಳನ್ನು ಬೆನ್ನೆಲುಬಿನತ್ತ ಸೆಳೆದರೆ ಸೊಂಟದ ಕೆಳಭಾಗ ತುಸು ಮೇಲಕ್ಕೆ ಬಾಗುತ್ತದೆ, ಕೆಳಬೆನ್ನು ನೆಲಕ್ಕೆ ತಾಗುತ್ತದೆ. ಉಸಿರೆಳೆದಾಗ ಎಲ್ಲವೂ ಸಡಿಲ. ಅಮೆರಿಕದ ಆಧುನಿಕ ನೃತ್ಯಗಾತಿ ಮಾರ್ಥಾ ಗ್ರಹಾಂ ಪದ್ಧತಿಯ ಸಂಕೋಚನ ಮತ್ತು ಬಿಡುಗಡೆಯ ತಿರುಳು ಇದೇ. ದಯವಿಟ್ಟು ಇಲ್ಲಿ ಅವಸರ ಬೇಡ. ಭುಜ ಕಿವಿಯತ್ತ ಏರುತ್ತಿದ್ದರೆ, ದವಡೆ ಬಿಗಿದಿದ್ದರೆ, ನಿಲ್ಲಿಸಿ ಮತ್ತೆ ಆರಂಭಿಸಿ.

ಅನಂತರ ಹೊರಳುವುದು, ಕೂರುವುದು, ಏಳುವುದು. ಬೀಳುವಾಗ ಮಂಡಿಚಿಪ್ಪು, ಮೊಣಕೈ ಮೊದಲು ನೆಲಕ್ಕೆ ಬಡಿಯಬಾರದು. ತೊಡೆ, ಪೃಷ್ಠದಂತಹ ಮಾಂಸಲ ಭಾಗಗಳು ಭಾರ ಹೊರಲಿ.

ಭಾವದ ವಿಷಯಕ್ಕೆ ಬಂದಾಗ ‘ದುಃಖ ತೋರಿಸಿ’ ಎನ್ನಲೇಬೇಡಿ. ಎಲ್ಲರೂ ಮುಖ ಮುಚ್ಚಿಕೊಳ್ಳುತ್ತಾರೆ, ಅಷ್ಟೇ. ಕೈ ಚಾಚುವ ಒಂದೇ ಚಲನೆಯನ್ನು ಚಲನೆಯನ್ನು ವಿಶ್ಲೇಷಿಸಿದ ನೃತ್ಯಚಿಂತಕ ರುಡಾಲ್ಫ್ ಲಾಬಾನ್ ಗುರುತಿಸಿದ ಗುಣಗಳಲ್ಲಿ ಬದಲಿಸಲು ಹೇಳಿ: ಬಲವಾಗಿ, ಹಗುರವಾಗಿ, ಥಟ್ಟನೆ, ನಿಧಾನವಾಗಿ, ನೇರವಾಗಿ, ಬಳಸಿಕೊಂಡು, ತಡೆದು, ಹರಿಯಬಿಟ್ಟು. ನಿಧಾನವಾಗಿ, ತಡೆತಡೆದು ಚಾಚಿದ ಬೆರಳುಗಳಲ್ಲಿ ಹಿಂಜರಿಕೆ ತಾನಾಗಿಯೇ ಮೂಡುತ್ತದೆ. ಇಡೀ ತರಗತಿಯಲ್ಲಿ ನಾನು ಕಾತರದಿಂದ ಕಾಯುವುದು ಈ ಗಳಿಗೆಗೆ.

ಸಂಗೀತವನ್ನು ಆದಷ್ಟು ತಡವಾಗಿ ಹಾಕಿ. ಕೊನೆಗೆ ಎಂಟು ಎಣಿಕೆಯ ತುಣುಕೊಂದನ್ನು ಅವರೇ ಕಟ್ಟಲಿ. ನೋಡುವವರು ಹೊಗಳದೆ, ತೆಗಳದೆ ಕಂಡದ್ದನ್ನಷ್ಟೇ ಹೇಳಲಿ: ‘ನಿನ್ನ ತಲೆ ಕೈಗಿಂತ ತಡವಾಗಿ ತಿರುಗಿತು’ ಎಂಬಂತೆ.