ಚೀಡ್ ಪೈನಿಗೆ ಕೈಯಿಂದ ಪರಾಗಸ್ಪರ್ಶ: ನನ್ನ ಅನುಭವ

ಹಿಮಾಚಲದ ಸೋಲನ್ ಸುತ್ತಿನ ಬೆಟ್ಟಗಳಲ್ಲಿ ಚೀಡ್ ಪೈನ್ ಮರಗಳಿಗೆ ಕೈಯಿಂದ ಪರಾಗಸ್ಪರ್ಶ ಮಾಡುವುದು ನನ್ನ ಕೆಲಸ. ನೇರವಾಗಿ, ದಷ್ಟಪುಷ್ಟವಾಗಿ ಬೆಳೆದ ಮರಗಳನ್ನೇ ಆರಿಸಿ ಅವುಗಳಿಂದ ಬೀಜ ಪಡೆಯುವುದು ಉದ್ದೇಶ. ಮಲೆನಾಡಿನಲ್ಲಿ ವೆನಿಲಾ ಹೂವಿಗೆ ಕಡ್ಡಿಯಿಂದ ಪರಾಗ ಮುಟ್ಟಿಸಿದವರಿಗೆ ಈ ಕೆಲಸ ಪರಿಚಿತ ಎನಿಸಬಹುದು. ಆದರೆ ಪೈನಿನಲ್ಲಿ ಮುಟ್ಟಿಸಲು ಶಲಾಕಾಗ್ರವೇ (ಹೂವಿನಲ್ಲಿ ಪರಾಗ ಹಿಡಿಯುವ ತುದಿ) ಇಲ್ಲ. ಹೆಣ್ಣು ಶಂಕುವಿನ (ಪೈನ್ ಕೋನ್) ಒಂದೊಂದು ಹುರುಪೆಯ ಮೇಲೂ ಮುಂದೆ ಬೀಜವಾಗುವ ಎರಡೆರಡು ಅಂಡಕಗಳು ಹೊದಿಕೆಯಿಲ್ಲದೆ ಕೂತಿರುತ್ತವೆ.

ಫೆಬ್ರವರಿ ಕೊನೆಯಿಂದಲೇ ಕೊಂಬೆಗಳ ಮೇಲೆ ಕಣ್ಣಿಡುತ್ತೇನೆ. ಗಂಡು ಶಂಕು ಹಿಸುಕಿದಾಗ ಹಳದಿ ರಸ ಬಂದರೆ ಕೊಯ್ಯಲು ಹದ. ನೆರಳಲ್ಲಿ ಕಾಗದದ ಮೇಲೆ ಹರಡಿ, ಉದುರಿದ ಪುಡಿಯನ್ನು ಜರಡಿ ಹಿಡಿದು, ಸಿಲಿಕಾ ಜೆಲ್ ಜೊತೆ ಫ್ರಿಜ್ಜಿನಲ್ಲಿಡುತ್ತೇನೆ. ಹೆಣ್ಣು ಶಂಕುಗಳು ಹೆಚ್ಚಾಗಿ ಮೇಲಿನ ಕೊಂಬೆಗಳಲ್ಲಿರುವುದರಿಂದ ಮರ ಹತ್ತಲೇಬೇಕು. ಹುರುಪೆ ಬಿಚ್ಚುವ ಮೊದಲೇ ಅವಕ್ಕೆ ಗಾಳಿಯಾಡುವ ಚೀಲ ಕಟ್ಟಬೇಕು. ತಡವಾದರೆ ಗಾಳಿಯಲ್ಲಿ ತೇಲಿ ಬಂದ ಬೇರೆ ಮರದ ಪರಾಗ ಒಳಗೆ ಸೇರಿರುತ್ತದೆ.

ಹುರುಪೆಗಳು ಬಿಚ್ಚಿಕೊಂಡಾಗ ಸಿರಿಂಜಿನಿಂದ ಚೀಲದೊಳಕ್ಕೆ ಪರಾಗ ಊದುತ್ತೇನೆ. ಮುಂದಿನದನ್ನು ನೋಡಲು ಬೆಳಗಿನ ಜಾವ ಭೂತಗನ್ನಡಿ ಹಿಡಿದು ಹೋಗಬೇಕು. ಅಂಡಕದ ಬಾಯಲ್ಲಿ ಒಂದು ಪುಟ್ಟ ಹನಿ ಒಸರಿರುತ್ತದೆ. ಆ ಬಾಯಿ ಕೆಳಮುಖವಾಗಿ, ಶಂಕುವಿನ ನಡುದಿಂಡಿನ ಕಡೆಗಿರುತ್ತದೆ. ಪರಾಗಕಣಕ್ಕೋ ಎರಡು ಗಾಳಿಚೀಲಗಳು. ಹನಿಗೆ ಸಿಕ್ಕಿದ ಕೂಡಲೇ ಅದು ಮೇಲಕ್ಕೆ ತೇಲಿ ಅಂಡಕದೊಳಗೆ ಸೇರುತ್ತದೆ. ಆಮೇಲೆ ಹನಿ ಇಂಗಿಹೋಗುತ್ತದೆ. ನನಗೆ ಈ ಕೆಲಸದಲ್ಲಿ ಇದಕ್ಕಿಂತ ಸುಂದರವಾದದ್ದು ಇನ್ನೊಂದಿಲ್ಲ.

ಹುರುಪೆಗಳು ದಪ್ಪವಾಗಿ ಮುಚ್ಚಿಕೊಂಡ ಮೇಲೆ ಚೀಲ ಬಿಚ್ಚಿ, ತಾಯಿಮರ, ಪರಾಗದ ಮರ, ತಾರೀಕು ಬರೆದ ತಗಡಿನ ಚೀಟಿ ಕಟ್ಟುತ್ತೇನೆ. ಕಾಗದದ ಚೀಟಿ ಬೀಜ ಬಲಿಯುವವರೆಗೆ ನಿಲ್ಲದು. ಯಾಕೆಂದರೆ ಪರಾಗ ಒಳಗೆ ಸೇರಿದರೂ ಗರ್ಭಾಂಕುರವಾಗಿರುವುದಿಲ್ಲ, ಅಂದರೆ ಪರಾಗದ ಗಂಡುಕಣ ಅಂಡಾಣುವಿನೊಡನೆ ಕೂಡಿರುವುದಿಲ್ಲ. ಪರಾಗಕಣದಿಂದ ಹೊರಡುವ ಪರಾಗನಾಳ ಸ್ವಲ್ಪ ಬೆಳೆದು ನಿಲ್ಲುತ್ತದೆ. ಅಂಡಕದಲ್ಲಿ ಅಂಡಾಣುವೇ ಇನ್ನೂ ತಯಾರಾಗಿರುವುದಿಲ್ಲ. ಎರಡೂ ಕೂಡುವುದು ಸುಮಾರು ಒಂದು ವರ್ಷದ ನಂತರ, ಮರುವಸಂತದಲ್ಲಿ. ಆಮೇಲೆ ಶಂಕು ದಬದಬ ಬೆಳೆಯುತ್ತದೆ. ಪರಾಗ ಸಿಗದ ಶಂಕುಗಳು ಬಹುಪಾಲು ಮೊದಲ ವರ್ಷವೇ ಉದುರಿರುತ್ತವೆ.

ಚಳಿಗಾಲದಲ್ಲಿ ಬಲಿತ ಶಂಕುಗಳನ್ನು, ಏಪ್ರಿಲ್ ಬಿಸಿಲಿಗೆ ಮರದಲ್ಲೇ ಬಾಯಿ ಬಿಡುವ ಮುಂಚೆ ಕಿತ್ತು, ಅಂಗಳದಲ್ಲಿ ಒಣಗಿಸಿ ರೆಕ್ಕೆಬೀಜ ಉದುರಿಸುತ್ತೇನೆ. ಕೆಲವನ್ನು ಬ್ಲೇಡಿನಿಂದ ಸೀಳಿ ನೋಡುವುದುಂಟು. ನಡುವೆ ಭ್ರೂಣ, ಸುತ್ತ ಬಿಳಿ ತಿರುಳು. ಆ ತಿರುಳು ಪೂರ್ತಿ ತಾಯಿಮರದ್ದೇ, ಗರ್ಭಾಂಕುರಕ್ಕೂ ಮೊದಲೇ ಬೆಳೆಯಲಾರಂಭಿಸಿದ್ದು. ತಂದೆಮರದ ಪಾಲೇನಿದ್ದರೂ ಆ ಭ್ರೂಣದಲ್ಲಿ ಮಾತ್ರ. ತಿರುಳಿಲ್ಲದ ಜೊಳ್ಳು ಎಷ್ಟಿದೆ ಎಂದು ಎಣಿಸಿ ಬರೆದಿಟ್ಟು, ಉಳಿದದ್ದನ್ನು ಚೀಟಿಯ ಪ್ರಕಾರ ಬೇರೆ ಬೇರೆ ಮಡಿಗಳಲ್ಲಿ ಬಿತ್ತುತ್ತೇನೆ.